ಗಿಡ್ಡ ದಾರ

ಇದು ನಡೆದದ್ದು ಹಳೆಯ ಗಂಟುಗಾರನ ಬೆರಳು ನಡುಗತೊಡಗಿದ ವರ್ಷ, ಮಾಘ ಮಾಸದಲ್ಲಿ.

ಆ ಊರಿನ ನಡುವೆ ಒಂದು ಬಾವಿ ಇತ್ತು. ಅದರಲ್ಲಿ ನೀರಿರಲಿಲ್ಲ. ಅದರ ತಳ ಕಂಡವರೂ ಇರಲಿಲ್ಲ. ಊರಿನ ಬಾಗಿಲುಗಳನ್ನು ತೆರೆಯುವುದು, ದೀಪಗಳನ್ನು ಹೊತ್ತಿಸುವುದು, ಕೆರೆಯ ತೂಬನ್ನು ಎತ್ತುವುದು, ಎಲ್ಲವೂ ಆ ಬಾವಿಯೊಳಗಿದ್ದ ಯಾವುದರದೋ ಕೆಲಸ. ಮನುಷ್ಯರು ಎಷ್ಟು ನೂಕಿದರೂ ಬಾಗಿಲು ಕದಲುತ್ತಿರಲಿಲ್ಲ, ಎಷ್ಟು ಎಳೆದರೂ ತೂಬು ಏಳುತ್ತಿರಲಿಲ್ಲ. ಬಾವಿಗೆ ಮಾತು ತಿಳಿಯದು. ಬರಹ ತಿಳಿಯದು. ಅದಕ್ಕೆ ತಿಳಿಯುವುದು ಗಂಟು ಮಾತ್ರ.

ಆದ್ದರಿಂದ ಬಾವಿಯ ಪಕ್ಕದಲ್ಲಿ ಆಣತಿಮನೆ ಇತ್ತು. ಆಣತಿ ಬರೆಯುವವರು ಅಲ್ಲಿ ಕೂತು, ಇಂಥ ಹೊತ್ತಿಗೆ ಇಂಥ ದೀಪ ಹೊತ್ತಲಿ, ಇಂಥ ಬಾಗಿಲು ಮುಚ್ಚಲಿ ಎಂದು ಹಾಳೆಯ ಮೇಲೆ ಬರೆಯುತ್ತಿದ್ದರು. ಗಂಟುಗಾರ ಆ ಹಾಳೆಯನ್ನು ಓದಿ, ಓದಿದ್ದನ್ನು ದಾರದ ಮೇಲೆ ಗಂಟುಗಳಾಗಿ ಕಟ್ಟಿ, ಬಾವಿಗೆ ಇಳಿಬಿಡುತ್ತಿದ್ದ. "ದಾರ ಇಳಿಯಿತು" ಎನ್ನುತ್ತಿದ್ದ. "ಬಾವಿ ಕೇಳಿಸಿಕೊಂಡಿತು" ಎಂದು ಸುತ್ತ ನಿಂತವರು ಹೇಳುತ್ತಿದ್ದರು. ಆಗ ಊರಿನ ಯಾವುದೋ ಮೂಲೆಯಲ್ಲಿ ಒಂದು ಬಾಗಿಲು ತೆರೆದುಕೊಳ್ಳುತ್ತಿತ್ತು. ಮೇಲೆಳೆಯುವವರೆಗೆ ದಾರ ಒಳಗೇ ಇದ್ದು, ದಿನವೂ ಅದೇ ಕೆಲಸ ಮಾಡಿಸುತ್ತಿತ್ತು.

ಅನುಮಾನದಿಂದ ಮಾತು ಶುರು ಮಾಡಬಾರದೆಂಬುದು ಆ ಊರಿನ ಪದ್ಧತಿ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಒಲೆ ಹೊತ್ತಿಸುವ ಮುಂಚೆ ಸೌದೆ ಹಸಿಯೇ ಎನ್ನಬಾರದು. ಹುಡುಗನ ಗುಣವನ್ನು ಮದುವೆಯಾದ ಮೇಲೆ ಎಷ್ಟು ಬೇಕಾದರೂ ವಿಚಾರಿಸಬಹುದು. ಮೊದಲು ಕೆಲಸದ ಹೆಸರೆತ್ತಬೇಕು, ಆಮೇಲೆ ಅನುಮಾನ. ಆಣತಿಗಳನ್ನೂ ಹಾಗೆಯೇ ಬರೆಯುತ್ತಿದ್ದರು. ಬಾಗಿಲು ಮುಚ್ಚು. ಹೊಸ್ತಿಲ ಮೇಲೆ ಯಾರಾದರೂ ಇದ್ದಾರೋ ನೋಡು. ಇದ್ದರೆ ಮುಚ್ಚಬೇಡ. ಹೀಗೆ ಬರೆದ ಆಣತಿಗಳಿಂದ ಊರು ತಲೆತಲಾಂತರ ಸುಖವಾಗಿ ನಡೆದಿತ್ತು. ಯಾಕೆ ನಡೆಯಿತು ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಅದೂ ಅನುಮಾನವೇ.

ಕಾಲುವೆಯ ಆಣತಿ ಬರೆಯುತ್ತಿದ್ದವಳು ಒಬ್ಬ ಹೆಂಗಸು. ಅವಳ ಗಂಡ ಅದೇ ಕಾಲುವೆಯ ಪಾಚಿ ಹೆರೆಯುವವನು. ಬೆಳಿಗ್ಗೆ ತೂಬು ಏಳುವ ಮುಂಚೆ ಅವನು ಬುಟ್ಟಿ ಹಿಡಿದು ಕಾಲುವೆಗೆ ಇಳಿಯಬೇಕು, ಹೆರೆಯಬೇಕು, ಹತ್ತಿ ಬರಬೇಕು. ಕಾಲುವೆಯ ಗೋಡೆ ಎರಡಾಳೆತ್ತರ, ಕಲ್ಲೆಲ್ಲ ಜಾರು. ಹತ್ತಿ ಬರಲು ಇದ್ದದ್ದು ಒಂದೇ ಕಡೆ ಮೆಟ್ಟಿಲು. ಕಾಲುವೆಯ ತಳದುದ್ದಕ್ಕೂ ಅದುರುಗಲ್ಲುಗಳನ್ನು ಹಾಸಿದ್ದರು. ಕಾಲಿಟ್ಟರೆ ಆ ಕಲ್ಲು ತುಸು ಕುಸಿಯುತ್ತಿತ್ತು. ಒಳಗೆ ಮನುಷ್ಯ ಇದ್ದಾನೆಂದು ಬಾವಿಗೆ ತಿಳಿಯುತ್ತಿದ್ದುದು ಅದರಿಂದಲೇ.

ಗಂಡ ಸಾವಕಾಶದ ಮನುಷ್ಯ. ದಿನವೂ ತಡ ಮಾಡುತ್ತಿದ್ದ. ಅವನು ಹತ್ತಿ ಬರುವವರೆಗೆ ತೂಬು ಏಳದೆ ಕಾಯುತ್ತಿತ್ತು.

"ನೀರಿಗೆ ನನ್ನ ಪರಿಚಯ ಇದೆ ಕಣೇ" ಎನ್ನುತ್ತಿದ್ದ. "ನಿನ್ನ ಹಾಗೆ ಅವಸರ ಮಾಡಲ್ಲ."

ಹಳೆಯ ಗಂಟುಗಾರನ ಬೆರಳು ನಡುಗತೊಡಗಿದ ಮೇಲೆ, ಆಣತಿಮನೆಯನ್ನು ನೋಡಿಕೊಳ್ಳುವ ಪಾರುಪತ್ಯಗಾರ ಹೊಸ ಗಂಟುಗಾರನೊಬ್ಬನನ್ನು ಕರೆತಂದು ಬಾವಿಕಟ್ಟೆಯ ಮೇಲೆ ನಿಲ್ಲಿಸಿದ.

"ಯಾರೂ ಹೆದರಬೇಕಾಗಿಲ್ಲ" ಎಂದ ಪಾರುಪತ್ಯಗಾರ. "ಇವನಿಗೆ ಗಂಟು ಕಲಿಸಿದ್ದು ಹಳೆಯವನೇ. ಅದೇ ಗಂಟು, ಅದೇ ಬಾವಿ. ನಿಮ್ಮ ಹಾಳೆಯಲ್ಲಿ ಒಂದಕ್ಷರ ಬದಲಿಸೋದು ಬೇಡ. ಮೊದಲು ದೀಪ ಇವನ ಕೈಗೆ. ಆಮೇಲೆ ಬಾಗಿಲು. ಕಡೆಗೆ ನೀರು."

ಏನೂ ಬದಲಾಗದಿದ್ದರೆ ಅದನ್ನು ಇಷ್ಟು ಜೋರಾಗಿ ಸಾರುವುದೇಕೆ ಎಂದುಕೊಂಡಳು ಆಣತಿಗಾರ್ತಿ.

ಪರೀಕ್ಷೆ ಹೀಗೆ ನಡೆಯಿತು. ಒಂದೇ ಹಾಳೆಯನ್ನು ಇಬ್ಬರಿಗೂ ಕೊಟ್ಟರು. ಇಬ್ಬರೂ ಕಟ್ಟಿದರು. ಎರಡು ದಾರಗಳನ್ನು ತೊಲೆಯಿಂದ ಅಕ್ಕಪಕ್ಕದಲ್ಲಿ ಇಳಿಬಿಟ್ಟರು. ಹಳೆಯವನ ದಾರ ನೆಲ ಮುಟ್ಟಿತು. ಹೊಸಬನ ದಾರ ಮೊಳಕಾಲ ಮೇಲೆಯೇ ನಿಂತಿತು.

"ಹೊಸ ಬಟ್ಟೆ ನೀರಿಗೆ ಹಾಕಿದ ಹಾಗೆ ಮುದುಡಿದೆಯಲ್ಲ ತಾಯಿ" ಎಂದು ದೀಪದ ಆಣತಿ ಬರೆಯುವವನು ಅವಳ ಕಿವಿಯಲ್ಲಿ ಹೇಳಿದ.

ಎರಡು ದಾರಗಳನ್ನೂ ಒಂದಾದ ಮೇಲೊಂದು ಬಾವಿಗೆ ಇಳಿಸಿದರು. ಹಳೆಯ ದಾರಕ್ಕೆ ದೀಪ ಹೊತ್ತಿತು. ಗಿಡ್ಡ ದಾರಕ್ಕೂ ದೀಪ ಹೊತ್ತಿತು, ಅದೂ ಬೇಗ. ಜನ ಚಪ್ಪಾಳೆ ತಟ್ಟಿದರು. ಅಂದಿನಿಂದ ಊರಿನಲ್ಲಿ ಗಿಡ್ಡ ಎಂಬುದು ಹೊಗಳಿಕೆಯ ಮಾತಾಯಿತು.

ಹೊಸ ಗಂಟುಗಾರನಿಗೆ ಒಂದು ಚಾಳಿ ಇತ್ತು. ಕಟ್ಟುತ್ತಾ ಕಟ್ಟುತ್ತಾ ಗಟ್ಟಿಯಾಗಿ ಹೇಳುತ್ತಿದ್ದ. ಈ ಹಾಳೆಯ ಎರಡನೆಯ ಸಾಲಿಗೆ ಕೆಲಸವಿಲ್ಲ. ಈ ಹಾಳೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ. ಈ ಮಾತನ್ನು ಬಿಡುತ್ತಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಅದೇ ಸ್ವರ, ಅದೇ ರಾಗ. ಮೊದಮೊದಲು ಎಲ್ಲರೂ ಕಿವಿಗೊಟ್ಟರು. ಆಮೇಲೆ ಕಿವಿ ಮುಚ್ಚಿಕೊಂಡರು.

"ಇವನೇನು ಗಂಟುಗಾರನೋ ನಮ್ಮತ್ತೆಯೋ?" ಎಂದ ದೀಪದವನು. "ನಾನು ಹಾಕಿದ ಒಗ್ಗರಣೆಯಲ್ಲಿ ಸಾಸಿವೆ ಎಣಿಸ್ತಿದ್ದಾನೆ."

ಎಲ್ಲರೂ ನಕ್ಕರು. ಕಾಲುವೆಯ ಆಣತಿಗಾರ್ತಿಯೂ ನಕ್ಕಳು. ಪಾರುಪತ್ಯಗಾರ ಒಳಗಿನಿಂದ ಬಂದು, "ನೋಡಪ್ಪ, ನೀನು ಕಟ್ಟು. ಹೇಳಬೇಡ" ಎಂದ. ಹೊಸಬ ತಲೆಯಾಡಿಸಿದ. ಅಂದಿನಿಂದ ಆಣತಿಮನೆ ತಣ್ಣಗಾಯಿತು. ದಾರ ಉಜ್ಜುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ದೀಪಗಳ ಸರದಿ ಮುಗಿದು ಬಾಗಿಲುಗಳ ಸರದಿ ಬಂತು. ಆ ವಾರವೇ ಮೊಸರು ಮಾರುವವಳ ಕೈ ಪೇಟೆಬಾಗಿಲಿನ ನಡುವೆ ಸಿಕ್ಕಿ ಜಜ್ಜಿಹೋಯಿತು.

ಬಾವಿಕಟ್ಟೆಯ ಮೇಲೆ ಕೆತ್ತಿದ ಕಟ್ಟಳೆಗಳಿದ್ದವು. ಮುಚ್ಚುವ ಬಾಗಿಲಲ್ಲಿ ಮನುಷ್ಯ ಇರಕೂಡದು. ಹರಿಯುವ ಕಾಲುವೆಯಲ್ಲಿ ಮನುಷ್ಯ ಇರಕೂಡದು. ಜನ ಅದನ್ನು ತೋರಿಸಿ, ಅವಳ ಗಮನ ಎಲ್ಲಿತ್ತೋ ಏನೋ ಎಂದರು. ಆಣತಿಗಾರ್ತಿ ಮಾತ್ರ ಮೊಸರಿನವಳ ಮನೆಗೆ ಹೋದಳು.

"ನನ್ನ ಗಮನಕ್ಕೇನಾಗಿತ್ತು ರೋಗ?" ಎಂದಳು ಮೊಸರಿನವಳು. ಕೈಗೆ ಅರಿಸಿನದ ಬಟ್ಟೆ ಸುತ್ತಿತ್ತು. "ಗಡಿಗೆ ಇಳಿಸಿ ಉಸಿರು ಬಿಡೋದು ಆ ಹೊಸ್ತಿಲ ಮೇಲೇ ಅಕ್ಕಾ, ಮದುವೆಯಾಗಿ ಬಂದಾಗಿಂದ. ಬಾಗಿಲು ಕಾಯ್ತಿತ್ತು. ಆವತ್ತು ಕಾಯಲಿಲ್ಲ."

ಕಾಯುತ್ತಿತ್ತು. ಕಾಯಲಿಲ್ಲ. ಆಣತಿಗಾರ್ತಿ ಆ ಎರಡು ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸಿಕೊಂಡು ಬಂದಳು. ಮನೆಯಲ್ಲಿ ಗಂಡ ಪಾಚಿ ಹೆರೆಯುವ ಕತ್ತಿಯನ್ನು ಕಲ್ಲಿಗೆ ತಿಕ್ಕಿ ಹರಿತ ಮಾಡುತ್ತಿದ್ದ.

"ರೀ, ತೂಬು ಏಳೋ ಹೊತ್ತಿಗಿಂತ ಮುಂಚೆಯೇ ಹತ್ತಿ ಬಂದುಬಿಡಿ ಇನ್ನು ಮೇಲೆ."

"ಮಾಘದ ಪಾಚಿ ಕಣೇ ಇದು. ಅಂಟು. ನನ್ನ ಮಾತು ಕೇಳಿ ಬೇಗ ಬರುತ್ತಾ? ಅರ್ಧಕ್ಕೆ ಬಿಟ್ಟು ಬಂದರೆ ನೀರು ಕಟ್ಟಿಕೊಳ್ಳುತ್ತೆ. ಕೆಳಗಿನ ಗದ್ದೆಯವರು ನನ್ನ ಹೆರೆದು ಹಾಕ್ತಾರೆ."

"ಬಾಗಿಲು ಕಾಯಲಿಲ್ಲವಂತೆ."

"ಬಾಗಿಲು ಬೇರೆಯವರು ಬರೆದದ್ದು. ಕಾಲುವೆ ನೀನು ಬರೆದದ್ದು. ನಿನ್ನ ಬರಹದ ಮೇಲೆ ನಿನಗೇ ನಂಬಿಕೆ ಇಲ್ವಾ?"

"ಬರಹದ ಮೇಲಿದೆ. ದಾರದ ಮೇಲಿಲ್ಲ."

ಅವನು ಅಲಗಿಗೆ ಹೆಬ್ಬೆರಳಿಟ್ಟು ನೋಡಿದ. "ಅಷ್ಟು ದೊಡ್ಡ ಬಾವಿಯೇ ನಿನ್ನ ಮಾತು ಕೇಳುತ್ತೆ. ನಾನೊಬ್ಬ ಕೇಳದಿದ್ರೆ ಏನಾಯ್ತು?" ಎಂದು ನಕ್ಕ.

ನೀರಿನ ಸರದಿ ಬಂತು. ಕಾಲುವೆಗೆ ಹೊಸ ದಾರ ಇಳಿಸುವ ಹಿಂದಿನ ದಿನ ಅದರ ಪರೀಕ್ಷೆ ನಡೆಯಿತು. ಪಾರುಪತ್ಯಗಾರ ಕಾಲುವೆಯಲ್ಲಿ ಯಾರೂ ಇಲ್ಲವೆಂದು ಎರಡೆರಡು ಸಲ ಕೂಗಿಸಿ ಖಚಿತ ಮಾಡಿಕೊಂಡ. ಹಳೆಯ ದಾರಕ್ಕೆ ತೂಬು ಎದ್ದಿತು. ಗಿಡ್ಡ ದಾರಕ್ಕೂ ಎದ್ದಿತು, ಅದೂ ಬೇಗ. ಚಪ್ಪಾಳೆ.

"ಸ್ವಾಮಿ" ಎಂದಳು ಆಣತಿಗಾರ್ತಿ. "ಖಾಲಿ ಕಾಲುವೆಯಲ್ಲಿ ನೋಡಿದರೆ ಏನು ತಿಳಿಯುತ್ತೆ? ಅದುರುಗಲ್ಲಿನ ಮೇಲೆ ಒಂದು ರುಬ್ಬುಗುಂಡು ಇಟ್ಟು ಇನ್ನೊಂದು ಸಲ ದಾರ ಇಳಿಸಿ."

"ರುಬ್ಬುಗುಂಡು ಯಾತಕ್ಕೆ?"

"ಮನುಷ್ಯನ ಬದಲಿಗೆ."

ಪಾರುಪತ್ಯಗಾರನ ಮುಖ ಕಪ್ಪಿಟ್ಟಿತು. "ಹರಿಯುವ ಕಾಲುವೆಯಲ್ಲಿ ಮನುಷ್ಯ ಇರಕೂಡದು ಅಂತ ಕಲ್ಲಲ್ಲೇ ಕೆತ್ತಿದೆ. ಇರಬಾರದವನು ಇದ್ದಾನೆ ಅಂತ ಪರೀಕ್ಷೆ ಮಾಡಿದರೆ ಅದು ಪರೀಕ್ಷೆ ಅಲ್ಲಮ್ಮ, ಅಪಶಕುನ."

ಎಲ್ಲರ ಕಣ್ಣು ಅವಳ ಮೇಲೆ ನೆಟ್ಟಿತು. ಆ ನೋಟ ಅವಳಿಗೆ ಗುರುತಿತ್ತು. ಇಷ್ಟು ದಿನ ಅವಳೇ ಗಿಡ್ಡ ದಾರವನ್ನು ಹಾಗೆ ನೋಡುತ್ತಿದ್ದಳು.

ದೀಪದವನು ಹತ್ತಿರ ಬಂದ. "ಹಳೆಯ ಗಂಟುಗಾರ ನಿಮಗೆ ಸೋದರಮಾವ ಆಗಬೇಕಲ್ವೇ ತಾಯಿ?"

"ದೂರದ ಸಂಬಂಧ."

"ದೂರದ್ದೇ ಇಂಥ ಹೊತ್ತಲ್ಲಿ ಹತ್ತಿರ ಬರೋದು."

ಅವಳು ತನ್ನ ಹಾಳೆ, ಒಂದು ಉಂಡೆ ದಾರ ತೆಗೆದುಕೊಂಡು ನೇರವಾಗಿ ಹಳೆಯ ಗಂಟುಗಾರನ ಮನೆಗೆ ಹೋದಳು. ಅವನು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಕಾಳು ಮೊರಕ್ಕಿಂತ ನೆಲದ ಮೇಲೆ ಹೆಚ್ಚು ಬಿದ್ದಿದ್ದವು.

"ಮಾವ, ಇದನ್ನೊಮ್ಮೆ ಕಟ್ಟಿಕೊಡಿ."

"ನನ್ನ ಕಾಲ ಮುಗಿಯಿತಲ್ಲಮ್ಮ."

"ಬಾವಿಗಲ್ಲ, ನನಗೆ."

ಅವನು ಹಾಳೆ ಓದಿದ. ತೂಬು ಎತ್ತು. ಕಾಲುವೆಯಲ್ಲಿ ಯಾರಾದರೂ ಇದ್ದಾರೋ ನೋಡು. ಇದ್ದರೆ ಎತ್ತಬೇಡ. ಆಮೇಲೆ ಕಟ್ಟತೊಡಗಿದ. ದಾರ ಮುಟ್ಟಿದೊಡನೆ ಅವನ ಬೆರಳಿನ ನಡುಕ ನಿಂತಿತು.

ಕಟ್ಟಿ ಮುಗಿದ ಮೇಲೆ ಅವಳು ಇನ್ನೊಂದು ತುಂಡು ದಾರ ಕೊಟ್ಟಳು. "ಇದರ ಮೇಲೆ ನಡುವಿನ ಸಾಲು ಮಾತ್ರ ಕಟ್ಟಿ. ಬರೀ ನೋಡು ಅನ್ನೋದು."

ಅವನು ಅದನ್ನೂ ಕಟ್ಟಿದ. ಅವಳಿಗೆ ಗಂಟಿನ ಅರ್ಥ ಗೊತ್ತಿರಲಿಲ್ಲ, ಆದರೆ ಆಕಾರ ಕಾಣುತ್ತಿತ್ತು. ತುಂಡು ದಾರವನ್ನು ಉದ್ದ ದಾರದ ಪಕ್ಕ ಹಿಡಿದು ಜಾರಿಸುತ್ತಾ ಹೋದಳು. ನಡುವಿನಲ್ಲಿ ಅಂಥ ಗಂಟುಗಳಿರಲಿಲ್ಲ. ತುದಿಯಲ್ಲಿ ಇರಲಿಲ್ಲ. ಅವು ದಾರದ ತಲೆಯಲ್ಲೇ ಇದ್ದವು, ಎಲ್ಲಕ್ಕಿಂತ ಮೊದಲು.

"ಮಾವ, ನೀವು ನೋಡು ಅನ್ನೋದನ್ನ ಮೊದಲು ಕಟ್ಟಿದ್ದೀರಿ."

"ಮತ್ತೆ? ನೋಡಿ ಆಮೇಲಲ್ಲವೇ ತೂಬು ಎತ್ತೋದು? ಎತ್ತಿಬಿಟ್ಟು ಯಾರಾದರೂ ನೋಡ್ತಾರಾ?"

"ನಾವು ಬರೆಯೋದು ಹಾಗೆ."

"ಬರೆಯೋದು ಹಾಗೆ. ಕಟ್ಟೋದು ಹೀಗೆ."

"ಹೊಸಬನಿಗೆ ಇದನ್ನು ಕಲಿಸಿದ್ದೀರಾ?"

ಅವನು ಒಂದು ಕಾಯಿ ಎತ್ತಿಕೊಂಡ. "ಗಂಟು ಕಲಿಸು ಅಂದರು, ಗಂಟು ಕಲಿಸಿದೆ. ಕೈ ತನ್ನಷ್ಟಕ್ಕೆ ಮಾಡೋದನ್ನೂ ಕಲಿಸು ಅಂತ ಯಾರೂ ಅನ್ನಲಿಲ್ಲ."

ಗೊತ್ತಿದ್ದೂ ಸುಮ್ಮನಿದ್ದನೋ, ತನ್ನ ಕೈ ಏನು ಮಾಡುತ್ತಿದೆಯೆಂದು ಅವನಿಗೇ ಗೊತ್ತಿರಲಿಲ್ಲವೋ ಅವಳಿಗೆ ತಿಳಿಯಲಿಲ್ಲ. ಅವನು ಮತ್ತೆ ಅವರೆ ಸುಲಿಯತೊಡಗಿದ.

ಮರುದಿನ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಗಂಡ ಬುಟ್ಟಿ ಎತ್ತಿಕೊಂಡು ಹೋಗಿಯಾಗಿತ್ತು. ಅವಳು ತುಂಡು ದಾರವನ್ನು ಸೆರಗಿಗೆ ಕಟ್ಟಿಕೊಂಡು ಆಣತಿಮನೆಗೆ ಬಂದಳು. ಕಾಲುವೆಯ ಗಿಡ್ಡ ದಾರ ಆಗಲೇ ಸಿದ್ಧವಾಗಿ, ಅರಿಸಿನ ಹಚ್ಚಿಸಿಕೊಂಡು ತೊಲೆಯಿಂದ ತೂಗುತ್ತಿತ್ತು. ಹೊಸ ಗಂಟುಗಾರ ಅದರ ಕೆಳಗೆ ಕೂತಿದ್ದ. ಅವಳು ತುಂಡು ದಾರವನ್ನು ಅದರ ಪಕ್ಕ ಹಿಡಿದಳು. ತಲೆಯಿಂದ ತುದಿಯವರೆಗೆ ಜಾರಿಸಿದಳು. ತುದಿಯಿಂದ ತಲೆಯವರೆಗೆ ಜಾರಿಸಿದಳು. ಆ ಗಂಟುಗಳು ಎಲ್ಲಿಯೂ ಇರಲಿಲ್ಲ.

"ನೋಡು ಅನ್ನುವ ಸಾಲು ಎಲ್ಲಿ?"

"ಬಿಟ್ಟಿದ್ದೇನೆ" ಎಂದ ಹೊಸಬ.

"ಯಾಕೆ?"

"ಹಾಳೆ ಮೊದಲು ತೂಬು ಎತ್ತು ಎನ್ನುತ್ತದೆ. ತೂಬು ಎದ್ದರೆ ಕಾಲುವೆ ಹರಿಯುತ್ತದೆ. ಹರಿಯುವ ಕಾಲುವೆಯಲ್ಲಿ ಮನುಷ್ಯ ಇರಕೂಡದು, ಅದು ಕಟ್ಟಳೆ. ಆದ್ದರಿಂದ ಮನುಷ್ಯ ಇಲ್ಲ. ಇಲ್ಲದವನನ್ನು ಹುಡುಕುವ ಸಾಲಿಗೆ ಕೆಲಸವಿಲ್ಲ."

ಅವನ ಮಾತಿನಲ್ಲಿ ಕುಹಕವನ್ನು ಹುಡುಕಿದಳು. ಸಿಗಲಿಲ್ಲ. ತಪ್ಪನ್ನು ಹುಡುಕಿದಳು. ಅದೂ ಸಿಗಲಿಲ್ಲ.

"ಒಂದು ಮಾತು ಹೇಳಬಾರದಿತ್ತೇ?"

"ಹೇಳುತ್ತಿದ್ದೆ. ಹೇಳಬೇಡ ಎಂದರು."

ಹೊರಗೆ ವಾದ್ಯ ಕೇಳಿಸಿತು. ಪಾರುಪತ್ಯಗಾರ ಜನರನ್ನು ಕರೆದುಕೊಂಡು ಮುಹೂರ್ತಕ್ಕೆ ಬರುತ್ತಿದ್ದ. ಆಣತಿಗಾರ್ತಿ ಒಂದು ಹೊಸ ಹಾಳೆ ಎಳೆದುಕೊಂಡಳು. ಲೇಖನಿ ಹಾಳೆಗೆ ತಾಗುವ ಮುಂಚೆ ಅವಳ ಕೈ ಒಮ್ಮೆ ಅನುಮಾನಿಸಿತು, ಯಾಕೆಂದರೆ ಆ ಮನೆಯಲ್ಲಿ ಯಾರೂ ಯಾವತ್ತೂ ಹಾಗೆ ಬರೆದವರಿಲ್ಲ. ಆಮೇಲೆ ಬರೆದಳು. ಕಾಲುವೆಯಲ್ಲಿ ಯಾರಾದರೂ ಇದ್ದಾರೋ ನೋಡು. ಇದ್ದರೆ ಕಾಯು. ಇಲ್ಲದಿದ್ದರೆ ತೂಬು ಎತ್ತು. ಕೆಳಗೆ ತನ್ನ ಮುದ್ರೆ ಒತ್ತಿದಳು.

ಪಾರುಪತ್ಯಗಾರ ಅವಳ ಹೆಗಲ ಮೇಲಿಂದ ಮೊದಲ ಸಾಲು ಓದಿ ಹಿಂದೆ ಸರಿದ.

"ಅನುಮಾನದಿಂದ ಶುರು ಮಾಡಿದ್ದೀಯ! ಅದೂ ಇವತ್ತು!"

"ನನ್ನ ಮನೆಯವರು ಕೆಳಗಿದ್ದಾರೆ ಸ್ವಾಮಿ."

"ಕಟ್ಟಳೆ ಪ್ರಕಾರ ಇರಕೂಡದು."

"ಇರಕೂಡದು. ಆದರೂ ಇದ್ದಾರೆ."

ಪಾರುಪತ್ಯಗಾರ ತೊಲೆಯಿಂದ ತೂಗುತ್ತಿದ್ದ ದಾರವನ್ನು ತೋರಿಸಿ ಹೊಸಬನಿಗೆ, "ಅದನ್ನು ಇಳಿಸು. ಹೊತ್ತು ಮೀರುತ್ತಿದೆ" ಎಂದ.

ಹೊಸಬ ಕದಲಲಿಲ್ಲ. "ಕಾಲುವೆಗೆ ಎರಡು ಹಾಳೆಗಳಿವೆ. ಎರಡಕ್ಕೂ ಬರೆದವರ ಮುದ್ರೆ ಇದೆ. ಕೊನೆಯ ಹಾಳೆಯೇ ಹಾಳೆ, ಅದು ಕಟ್ಟಳೆ."

"ನಾನು ಹೇಳ್ತಿದ್ದೀನಿ, ಇಳಿಸು!"

"ನಾನು ಕಟ್ಟುವುದು ಹಾಳೆಯನ್ನು. ಮಾತನ್ನಲ್ಲ."

ಹಾಗೆಂದು ಅವನು ಗಿಡ್ಡ ದಾರವನ್ನು ತೊಲೆಯಿಂದ ಬಿಚ್ಚಿ ಮಡಿಚಿ ಪಕ್ಕಕ್ಕಿಟ್ಟ. ಹೊಸ ಹಾಳೆ ಓದಿದ. ಕಟ್ಟಿದ. ಇಷ್ಟು ದಿನ ಆ ಕೈಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಈಗ ಅದೇ ಕೈ ಪಾರುಪತ್ಯಗಾರನನ್ನೂ ಲೆಕ್ಕಿಸಲಿಲ್ಲ, ಅವಳನ್ನೂ ಲೆಕ್ಕಿಸಲಿಲ್ಲ. ಅದು ಅವಳಿಗೆ ಧೈರ್ಯ ತರಬೇಕಿತ್ತು. ತರಲಿಲ್ಲ.

ಈ ಸಲದ ದಾರ ಮೊದಲಿನದಕ್ಕಿಂತ ಉದ್ದವಾಗಿತ್ತು.

"ದಾರ ಇಳಿಯಿತು" ಎಂದ ಹೊಸಬ.

ಸುತ್ತ ನಿಂತವರು ತುಟಿ ಬಿಚ್ಚಲಿಲ್ಲ. "ಬಾವಿ ಕೇಳಿಸಿಕೊಂಡಿತು" ಎಂದು ಅವಳೊಬ್ಬಳೇ ಹೇಳಿದಳು.

ಜನ ಕಾಲುವೆಯ ದಂಡೆಗೆ ಹೋಗಿ ನಿಂತರು. ತೂಬು ಏಳಲಿಲ್ಲ. ವಾದ್ಯದವರು ಒಮ್ಮೆ ಬಾರಿಸಿ ನಿಲ್ಲಿಸಿದರು. ತೂಬು ಏಳಲಿಲ್ಲ. ಬಿಸಿಲು ಏರಿತು. ಕೆಳಗಿನ ಗದ್ದೆಯವರು ಗುಸುಗುಸು ಎಂದರು.

"ಆಯಿತಲ್ಲ" ಎಂದ ಪಾರುಪತ್ಯಗಾರ. "ಇವಳ ಅನುಮಾನ ಬಾವಿಗೂ ಅಂಟಿತು."

ಆಣತಿಗಾರ್ತಿ ಕಾಲುವೆಯೊಳಗೆ ನೋಡುತ್ತಿದ್ದಳು. ತಿರುವಿನ ಆಚೆಯಿಂದ ಹೆರೆಯುವ ಕತ್ತಿಯ ಸದ್ದು ಬರುತ್ತಿತ್ತು. ಕಲ್ಲಿಗೆ ಅಲಗು. ನಿಲುಗಡೆ. ಕಲ್ಲಿಗೆ ಅಲಗು. ಅವಳಿಗೆ ಕೂಗಬೇಕೆನಿಸಿತು. ಕೂಗಿದರೆ ದಂಡೆಯವರು ಅವನನ್ನು ಅವಸರಪಡಿಸಿ ಮೇಲೆಳೆದಾರು, ಆಮೇಲೆ ದಾರ ಕಾದಿತೋ ಇಲ್ಲವೋ ಯಾರಿಗೂ ತಿಳಿಯದು. ಕೂಗದಿದ್ದರೆ, ಮತ್ತು ದಾರ ತಪ್ಪಾಗಿದ್ದರೆ? ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಳು.

ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಗಂಡ ತಿರುವಿನಿಂದ ಬಂದ, ತಲೆಯ ಮೇಲೆ ಪಾಚಿಯ ಬುಟ್ಟಿ, ಮುಖದ ಮೇಲೆಲ್ಲ ಹಸುರು ನೀರು. ಮೇಲೆ ನಿಂತ ಇಡೀ ಊರನ್ನು ಕಂಡು ತಬ್ಬಿಬ್ಬಾದ.

"ಏನ್ರಪ್ಪಾ ಇದು? ಯಾರಾದ್ರೂ ಹೋಗಿಬಿಟ್ರಾ?"

"ಇಲ್ಲ" ಎಂದಳು ಅವಳು. "ಹತ್ತಿ ಬನ್ನಿ."

"ಬರ್ತೀನಿ, ಬರ್ತೀನಿ. ನೀರಿಗಿಲ್ಲದ ಅವಸರ ನಿನಗೆ."

ಅವನು ಕೊನೆಯ ಅದುರುಗಲ್ಲಿನಿಂದ ಕಾಲೆತ್ತಿ ಮೆಟ್ಟಿಲ ಮೇಲೆ ಇಟ್ಟ. ಕಲ್ಲು ಮೇಲೆದ್ದಿತು. ದೂರದಲ್ಲಿ ತೂಬು ಎದ್ದ ಸದ್ದು ಕೇಳಿತು. ಅವನು ದಂಡೆಗೆ ಬಂದು ಬುಟ್ಟಿ ಇಳಿಸುವಷ್ಟರಲ್ಲಿ ನೀರು ಕಾಲುವೆಯ ತುಂಬ, ಎರಡಾಳೆತ್ತರ, ಗೋಡೆಗೆ ಗೋಡೆ ತಾಗಿ ಹರಿದುಹೋಯಿತು. ಆ ನೀರಿನ ಮುಂದೆ ಯಾರ ಪರಿಚಯವೂ ನಡೆಯುವಂತಿರಲಿಲ್ಲ. ಗಂಡ ಅದನ್ನು ನೋಡಿದ. ಬುಟ್ಟಿಯನ್ನು ದಂಡೆಯ ಅಂಚಿನಿಂದ ಇನ್ನಷ್ಟು ಹಿಂದಕ್ಕೆ ಎಳೆದುಕೊಂಡ.

ಅವಳು ಅವನ ತೋಳನ್ನು ಒಮ್ಮೆ ಹಿಡಿದು ಬಿಟ್ಟಳು. ಆಮೇಲೆ ಮನೆಯ ಕಡೆ ಹೋಗದೆ ಬಾವಿಯ ಕಡೆ ನಡೆದಳು. ಪಾರುಪತ್ಯಗಾರ ಹಿಂದೆಯೇ ಬಂದ. ದೀಪದವನೂ ಬಂದ. ಅವನ ಹೆಂಡತಿ ಆ ಹೊತ್ತಿಗೆ ಪೇಟೆಬಾಗಿಲು ದಾಟಿ ಸಂತೆಗೆ ಹೋಗುವವಳು. ಅವನ ಮುಖದಲ್ಲಿ ನಗೆ ಇರಲಿಲ್ಲ.

ಹೊಸ ಗಂಟುಗಾರ ಮುಂದಿನ ಹಾಳೆ ಕೈಗೆತ್ತಿಕೊಂಡಿದ್ದ.

"ನಿಮಗೆ ಹೇಳಬೇಡ ಅಂದಿದ್ದಾರೆ" ಎಂದಳು ಆಣತಿಗಾರ್ತಿ. "ಕೇಳಿದರೆ ಹೇಳಬಹುದೇ?"

"ಅದನ್ನು ಯಾರೂ ತಡೆದಿಲ್ಲ."

"ಇವತ್ತು ಬೇಡಮ್ಮ" ಎಂದ ಪಾರುಪತ್ಯಗಾರ. ಈಗ ಅವನ ದನಿ ಇಳಿದಿತ್ತು. "ಶುಭದಿನ. ನಾಳೆ ಕೇಳೋಣ."

"ನೀವು ಕಟ್ಟಿದ ದಾರಗಳಲ್ಲಿ ನೋಡು ಅನ್ನುವ ಸಾಲನ್ನು ಬಿಟ್ಟವು ಎಷ್ಟು? ಆಗಲೇ ಬಾವಿಗೆ ಇಳಿದು, ಈಗ ಒಳಗಿರುವವು?"

ಹೊಸಬ ಹಾಳೆಯನ್ನು ಕೆಳಗಿಟ್ಟ. ಬಾವಿಯ ಕಡೆ ನೋಡಿದ. ಬೆರಳು ಮಡಿಸುತ್ತಾ ಎಣಿಸಿದ. ಎಣಿಸುವುದು ಬೇಗ ಮುಗಿಯಲಿಲ್ಲ.

"ಮುನ್ನೂರ ಎಪ್ಪತ್ತೊಂದು" ಎಂದ.